ಸಕ್ಕರೆ ಕಾಯಿಲೆ: ಮಾತ್ರೆ ಇಲ್ಲದೆ ಊಟದಿಂದಲೇ ಹತೋಟಿಗೆ ಬರುತ್ತದೆಯೇ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸುವುದಕ್ಕಾಗಿ)



ಉಳಿತಾಯ ಕಟ್ಟಿ, ಸಾಲದ ಕಂತು ಬರೆಸಿ, ಪುಸ್ತಕ ಮುಚ್ಚಿದ ಮೇಲೆ ಸಭೆಯಲ್ಲಿ ಒಂದು ವಿಷಯ ತೆಗೆದುಕೊಂಡು ಮಾತಾಡುವುದು ನಮ್ಮ ರೂಢಿ. ಈ ಸಲದ ವಿಷಯ ಸಕ್ಕರೆ ಕಾಯಿಲೆ. ಕೆಲವರು ಇದನ್ನು ಸಿಹಿಮೂತ್ರ ಅನ್ನುತ್ತಾರೆ, ಪುಸ್ತಕದಲ್ಲಿ ಮಧುಮೇಹ ಅಂತ ಬರೆಯುತ್ತಾರೆ. ಊರಲ್ಲಿ ಮಾತ್ರ ಎಲ್ಲರೂ ಹೇಳೋದು "ಶುಗರ್" ಅಂತಲೇ.

ಮೊದಲೆಲ್ಲ ಇದು ಪಟ್ಟಣದ ಸಾಹುಕಾರರ ಕಾಯಿಲೆ ಅನ್ನೋ ಮಾತಿತ್ತು. ಈಗ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗಿಂತ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ನಿಮ್ಮ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತಿರುವಿ ನೋಡಿ. ಹಸು, ಹೊಲಿಗೆ ಮೆಷಿನ್ನು, ಮಕ್ಕಳ ಫೀಸು ಇವುಗಳ ನಡುವೆ "ಆಸ್ಪತ್ರೆ ಖರ್ಚು" ಅಂತ ಎಷ್ಟು ಸಲ ಬರೆದಿದೆ? ಸಕ್ಕರೆ ಕಾಯಿಲೆಯನ್ನು ಅಲಕ್ಷ್ಯ ಮಾಡಿ ಕಾಲಿನ ಗಾಯ ಕೊಳೆತಾಗ, ಕಣ್ಣು ಮಂಜಾದಾಗ, ಮೂತ್ರಪಿಂಡ ಕೆಟ್ಟಾಗ ಆಗುವ ಖರ್ಚಿಗೆ ಎಷ್ಟು ವರ್ಷದ ಉಳಿತಾಯವೂ ಸಾಲದು.

ಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಜೀವನಪೂರ್ತಿ ಮಾತ್ರೆ ನುಂಗೋದು ಯಾಕೆ? ಊಟದಲ್ಲಿ ಪಥ್ಯ ಮಾಡಿದ್ರೆ ಸಾಲದಾ?" ಇದಕ್ಕೆ ಹೌದು ಅಂತ ಹೇಳುವವರೂ ಇದ್ದಾರೆ, ಇಲ್ಲ ಅಂತ ಹೇಳುವವರೂ ಇದ್ದಾರೆ. ಸರಿಯಾದ ಉತ್ತರ ಯಾವುದು ಅಂತ ಈ ಪಾಠದಲ್ಲಿ ನೋಡೋಣ.

1. ಸಕ್ಕರೆ ಕಾಯಿಲೆ ಅಂದರೆ ಏನು?

ನಾವು ತಿಂದ ಅನ್ನ, ಮುದ್ದೆ, ಚಪಾತಿ, ರೊಟ್ಟಿ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಇದು ತಪ್ಪಲ್ಲ. ದೇಹಕ್ಕೆ ಕೆಲಸ ಮಾಡಲು ಬೇಕಾದ ಉರುವಲೇ ಅದು. ರಕ್ತದಲ್ಲಿರುವ ಈ ಸಕ್ಕರೆ ಮೈಯ ಜೀವಕೋಶಗಳ ಒಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ಆ ಬಾಗಿಲಿನ ಬೀಗದ ಕೈ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇದನ್ನು ತಯಾರಿಸುತ್ತದೆ.

ಕೆಲವರಲ್ಲಿ ಬೀಗದ ಕೈ ತಯಾರಾಗುವುದೇ ನಿಂತುಹೋಗುತ್ತದೆ. ಇದು ಮೊದಲನೇ ಬಗೆ. ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಇವರಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕೇ ಬೇಕು. 1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮೊದಲು ಇಂಥ ಮಕ್ಕಳು ಬದುಕಿ ಉಳಿಯುತ್ತಿರಲಿಲ್ಲ.

ಹೆಚ್ಚಿನವರಿಗೆ ಬರುವುದು ಎರಡನೇ ಬಗೆ. ಇಲ್ಲಿ ಬೀಗದ ಕೈ ಇದೆ, ಆದರೆ ಬೀಗ ತುಕ್ಕು ಹಿಡಿದಿದೆ. ಹೊಟ್ಟೆಯ ಸುತ್ತ, ಈಲಿಯ (ಯಕೃತ್ತಿನ) ಒಳಗೆ ಕೊಬ್ಬು ಸೇರಿದಾಗ, ಮೈಗೆ ಕೆಲಸ ಕಡಿಮೆಯಾದಾಗ ಈ ತುಕ್ಕು ಹೆಚ್ಚಾಗುತ್ತದೆ. ಸಕ್ಕರೆ ಒಳಗೆ ಹೋಗಲಾರದೆ ರಕ್ತದಲ್ಲೇ ಉಳಿಯುತ್ತದೆ. ವರ್ಷಗಳು ಕಳೆದಂತೆ ಬೀಗದ ಕೈ ತಯಾರಾಗುವುದೂ ಕಡಿಮೆಯಾಗುತ್ತಾ ಬರುತ್ತದೆ.

ಊಟ, ನಡಿಗೆಯಿಂದ ಕಾಯಿಲೆ ಹತೋಟಿಗೆ ತರುವ ಮಾತೆಲ್ಲ ಈ ಎರಡನೇ ಬಗೆಗೆ ಸಂಬಂಧಿಸಿದ್ದು. ಇದನ್ನು ಮರೆಯಬಾರದು.

2. ಇದೆ ಅಂತ ಗೊತ್ತಾಗೋದು ಹೇಗೆ?

ಪದೇ ಪದೇ ಮೂತ್ರ, ಬಾಯಾರಿಕೆ, ಸುಸ್ತು, ತೂಕ ಇಳಿಯುವುದು, ಗಾಯ ಬೇಗ ಮಾಯದಿರುವುದು, ಹೆಂಗಸರಿಗೆ ಮರ್ಮಾಂಗದಲ್ಲಿ ತುರಿಕೆ, ಕಾಲು ಜೋಮು. ಇವು ಲಕ್ಷಣಗಳು. ಆದರೆ ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. "ನಂಗೇನೂ ಆಗಿಲ್ಲ, ಚೆನ್ನಾಗೇ ಇದೀನಿ" ಅನ್ನುವವರಲ್ಲೂ ಸಕ್ಕರೆ ಇರಬಹುದು. ರಕ್ತ ಪರೀಕ್ಷೆಯೊಂದೇ ದಾರಿ. 30 ವರ್ಷ ದಾಟಿದ ಎಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ:
* 100ಕ್ಕಿಂತ ಕಡಿಮೆ – ಸರಿಯಾಗಿದೆ
* 100ರಿಂದ 125 – ಹೊಸ್ತಿಲಲ್ಲಿದ್ದೀರಿ, ಎಚ್ಚರ
* 126 ಅಥವಾ ಹೆಚ್ಚು – ಸಕ್ಕರೆ ಕಾಯಿಲೆ

ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ (ಎಚ್‌ಬಿಎ1ಸಿ):
* 5.7ಕ್ಕಿಂತ ಕಡಿಮೆ – ಸರಿಯಾಗಿದೆ
* 5.7ರಿಂದ 6.4 – ಹೊಸ್ತಿಲು
* 6.5 ಅಥವಾ ಹೆಚ್ಚು – ಸಕ್ಕರೆ ಕಾಯಿಲೆ

ಒಂದೇ ಸಲದ ಲೆಕ್ಕ ನೋಡಿ ಗಾಬರಿಯಾಗಬೇಡಿ. ಲಕ್ಷಣ ಇಲ್ಲದಿದ್ದರೆ ಡಾಕ್ಟರು ಇನ್ನೊಂದು ಸಲ ಪರೀಕ್ಷೆ ಮಾಡಿಸಿಯೇ ತೀರ್ಮಾನ ಹೇಳುತ್ತಾರೆ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಅಳತೆ ಇದೆ. ಟೈಲರ್ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಿದೆ ಅಂತ ಅರ್ಥ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ದಪ್ಪ ಇರುವವರು ನಮ್ಮಲ್ಲಿ ಬಹಳ. ಅವರೂ ಎಚ್ಚರವಾಗಿರಬೇಕು.

ಬಸುರಿಯಾಗಿದ್ದಾಗ ಸಕ್ಕರೆ ಬಂದು ಹೆರಿಗೆಯ ನಂತರ ಹೋದವರಿದ್ದರೆ ಅವರಿಗೆ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು. ಹೆರಿಗೆಯಾಗಿ ಒಂದೂವರೆಯಿಂದ ಮೂರು ತಿಂಗಳೊಳಗೆ ಒಮ್ಮೆ, ಆಮೇಲೆ ತಪ್ಪದೆ ಆಗಾಗ ಪರೀಕ್ಷೆ ಮಾಡಿಸಬೇಕು.

3. ಊಟ, ನಡಿಗೆಯಿಂದ ಎಷ್ಟು ಸಾಧ್ಯ?

ಸಾಕಷ್ಟು ಸಾಧ್ಯ. ಇದು ಬರೀ ಬಾಯಿಮಾತಲ್ಲ.

ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಬಿಟ್ಟು ಬೇರೇನೂ ಕೊಡಲಿಲ್ಲ. ಇನ್ನೊಂದು ಗುಂಪಿಗೆ ದಿನಾ ಅರ್ಧ ಗಂಟೆ ನಡೆಯುವುದು, ಸಕ್ಕರೆ–ಮೈದಾ–ಎಣ್ಣೆ ಕಡಿಮೆ ಮಾಡುವುದು, ನಾರಿನಂಶ ಹೆಚ್ಚು ತಿನ್ನುವುದು ಇಷ್ಟನ್ನು ಹೇಳಿಕೊಟ್ಟು ಬೆನ್ನುಹತ್ತಿ ನೋಡಿಕೊಂಡರು. ಮೂರು ವರ್ಷದಲ್ಲಿ ಮೊದಲನೇ ಗುಂಪಿನಲ್ಲಿ 100ಕ್ಕೆ 55 ಮಂದಿಗೆ ಕಾಯಿಲೆ ಬಂತು. ಎರಡನೇ ಗುಂಪಿನಲ್ಲಿ 100ಕ್ಕೆ 39 ಮಂದಿಗೆ ಬಂತು. ಮಾತ್ರೆ ಕೊಟ್ಟ ಮತ್ತೊಂದು ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹೊಸ್ತಿಲಲ್ಲಿರುವವರಿಗೆ ಊಟ ಮತ್ತು ನಡಿಗೆ ಮಾತ್ರೆಯಷ್ಟೇ ಕೆಲಸ ಮಾಡಿತು.

ಕಾಯಿಲೆ ಬಂದೇ ಬಿಟ್ಟವರ ಕಥೆ ಏನು? ಬ್ರಿಟನ್ನಿನಲ್ಲಿ ಸುಮಾರು 300 ಜನರ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಹೊರಬಂತು. ಅವರೆಲ್ಲ ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನವರು, ದಪ್ಪ ಇದ್ದವರು, ಇನ್ಸುಲಿನ್ ತೆಗೆದುಕೊಳ್ಳದವರು. ಅವರಲ್ಲಿ ಅರ್ಧದಷ್ಟು ಜನರಿಗೆ ಆಸ್ಪತ್ರೆಯವರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ, ಮೂರರಿಂದ ಐದು ತಿಂಗಳು ಬಹಳ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷದ ನಂತರ ಆ ಗುಂಪಿನ 100ಕ್ಕೆ 46 ಮಂದಿಯಲ್ಲಿ ಮಾತ್ರೆ ಇಲ್ಲದೆಯೂ ಸಕ್ಕರೆ ಹತೋಟಿಯಲ್ಲಿತ್ತು. 15 ಕೆ.ಜಿ.ಗಿಂತ ಹೆಚ್ಚು ತೂಕ ಇಳಿಸಿದವರಲ್ಲಿ ಇದು ಇನ್ನೂ ಹೆಚ್ಚು. ಎರಡನೇ ವರ್ಷದ ಕೊನೆಗೆ 46 ಇದ್ದದ್ದು 36ಕ್ಕೆ ಇಳಿಯಿತು. ಇಳಿದ ತೂಕ ಮತ್ತೆ ಏರಿದರೆ ಸಕ್ಕರೆಯೂ ಮತ್ತೆ ಏರುತ್ತದೆ.

ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಒಂದು, ಕಾಯಿಲೆ ಹೊಸದಾಗಿದ್ದಾಗ, ತೂಕ ಹೆಚ್ಚಿದ್ದಾಗ ಊಟದಿಂದ ಅದನ್ನು ಅಡಗಿಸಬಹುದು. ಎರಡು, ಅಡಗಿದೆ ಅಂದರೆ ಹೋಗಿದೆ ಅಂತಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಇರುತ್ತದೆ.

4. ಅಕ್ಕ–ತಂಗಿ ಮಾತುಕತೆ

ಇಬ್ಬರು ಅಕ್ಕತಂಗಿಯರನ್ನು ಊಹಿಸಿಕೊಳ್ಳಿ. ಒಂದೇ ಮನೆಯಲ್ಲಿ ಹುಟ್ಟಿದವರು, ಇಬ್ಬರಿಗೂ ಸಕ್ಕರೆ. ಸಭೆಯಲ್ಲಿ ಮೂವರು ಎದ್ದು ನಿಂತು ಇದನ್ನು ಓದಬಹುದು.

ತಂಗಿ: ಅಕ್ಕಾ, ನಂಗೆ ಮಾತ್ರೆ ನಿಲ್ಲಿಸಿಬಿಟ್ರು ಕಣೆ! ಎಂಟು ತಿಂಗಳಿಂದ ಅನ್ನ ಕಮ್ಮಿ ಮಾಡಿದ್ದೆ, ದಿನಾ ಕೆರೆ ಏರಿ ಮೇಲೆ ನಡೀತಿದ್ದೆ. ತೂಕ 72 ಇದ್ದದ್ದು 64ಕ್ಕೆ ಬಂತು.

ಅಕ್ಕ: ನಿನ್ನ ಪುಣ್ಯ. ನಾನು ಹನ್ನೆರಡು ವರ್ಷದಿಂದ ಒದ್ದಾಡ್ತಾ ಇದೀನಿ. ಮಾತ್ರೆ ಸಾಲದು ಅಂತ ಈಗ ಎರಡು ಹೊತ್ತು ಸೂಜಿ.

ತಂಗಿ: ನೀನೂ ಬಿಟ್ಟು ನೋಡು. ನಾನು ಮಾಡಿದ ಪಥ್ಯ ಹೇಳಿಕೊಡ್ತೀನಿ. ಸೂಜಿಗೆ ಒಂದು ಸಲ ಒಗ್ಗಿಕೊಂಡ್ರೆ ಬಿಡಕ್ಕಾಗಲ್ಲ ಅಂತಾರೆ.

ಆಶಾ ಕಾರ್ಯಕರ್ತೆ: ತಾಳಿ, ತಾಳಿ. ನಿಮ್ಮ ಮಾತ್ರೆ ನಿಲ್ಲಿಸಿದ್ದು ಯಾರು?

ತಂಗಿ: ಡಾಕ್ಟ್ರೇ. ಮೂರು ತಿಂಗಳ ಪರೀಕ್ಷೆ ಎರಡು ಸಲ ಚೆನ್ನಾಗಿ ಬಂತು. ಮೊದಲು ಅರ್ಧ ಮಾಡಿದ್ರು, ಆಮೇಲೆ ನಿಲ್ಲಿಸಿದ್ರು. ಮೂರು ತಿಂಗಳಿಗೊಮ್ಮೆ ಬಾ ಅಂದಿದಾರೆ.

ಆಶಾ: ಅದೇ ನೋಡಿ. ನಿಮಗೆ ಕಾಯಿಲೆ ಹೊಸದು, ಇಳಿಸೋದಕ್ಕೆ ತೂಕವೂ ಇತ್ತು. ಅಕ್ಕ ಮೊದಲೇ ಸಣ್ಣಗಿದ್ದಾರೆ. ಹನ್ನೆರಡು ವರ್ಷದಲ್ಲಿ ಅವರ ಗ್ರಂಥಿಗೆ ಇನ್ಸುಲಿನ್ ಮಾಡೋ ಶಕ್ತಿ ಕಮ್ಮಿಯಾಗಿದೆ. ಒಳಗೆ ಇಲ್ಲದ್ದನ್ನ ಹೊರಗಿಂದ ಕೊಡ್ತಾ ಇದೀವಿ, ಅಷ್ಟೇ. ಅದು ಚಟ ಅಲ್ಲ. ಹೊಟ್ಟೆಗೆ ಅನ್ನ ಹಾಕೋದನ್ನ ಯಾರಾದ್ರೂ ಚಟ ಅಂತಾರಾ?

ಅಕ್ಕ: ಹಾಗಾದ್ರೆ ನಾನು ಪಥ್ಯ ಮಾಡಿ ಏನು ಪ್ರಯೋಜನ?

ಆಶಾ: ಇದೆ ಅಕ್ಕ. ನೀವು ಊಟ ನೋಡಿಕೊಂಡ್ರೆ ಸೂಜಿ ಸರಿಯಾಗಿ ಕೆಲಸ ಮಾಡುತ್ತೆ, ಸಕ್ಕರೆ ಏರುಪೇರಾಗಲ್ಲ, ಕಣ್ಣು, ಕಾಲು ಉಳಿಯುತ್ತೆ. ತಂಗೀಗೆ ಪಥ್ಯ ಮಾತ್ರೆ ಬದಲಿಗೆ. ನಿಮಗೆ ಪಥ್ಯ ಸೂಜಿ ಜೊತೆಗೆ. ಇಬ್ಬರೂ ಮಾಡಬೇಕು.

ಈ ಮಾತುಕತೆಯಲ್ಲೇ ನಮ್ಮ ಪಾಠದ ಸಾರ ಇದೆ. ಊಟ ಮತ್ತು ನಡಿಗೆ ಎಲ್ಲರಿಗೂ ಬೇಕು. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳಬೇಕು. ಪಕ್ಕದ ಮನೆಯವರಾಗಲಿ, ಮೊಬೈಲಿಗೆ ಬಂದ ವಿಡಿಯೋ ಆಗಲಿ ಹೇಳಬಾರದು.

ತಾವಾಗಿಯೇ ಮಾತ್ರೆ ಅಥವಾ ಸೂಜಿ ನಿಲ್ಲಿಸಲೇಬಾರದವರು:
* ಮೊದಲನೇ ಬಗೆಯ ಕಾಯಿಲೆ ಇರುವ ಮಕ್ಕಳು, ಯುವಜನರು. ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ.
* ಬಸುರಿಯರು
* ಇನ್ಸುಲಿನ್ ಮೇಲಿರುವವರು
* ಮೂತ್ರಪಿಂಡ, ಹೃದಯ, ಕಣ್ಣಿನ ತೊಂದರೆ ಇರುವವರು
* ಕಾಲಿನಲ್ಲಿ ಗಾಯ ಇರುವವರು, ಜ್ವರ ಅಥವಾ ವಾಂತಿಭೇದಿಯಿಂದ ಮಲಗಿರುವವರು. ಇಂಥ ಸಮಯದಲ್ಲಿ ಯಾವುದನ್ನು ಎಷ್ಟು ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನೇ ಕೇಳಬೇಕು.

5. ನಮ್ಮ ತಟ್ಟೆ ಹೇಗಿರಬೇಕು?

ಒಂದು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಬೆರಳಿನಿಂದ ನಡುವೆ ಒಂದು ಗೆರೆ ಎಳೆಯಿರಿ. ಅರ್ಧ ಭಾಗ ಸೊಪ್ಪು–ತರಕಾರಿಗೆ. ಉಳಿದ ಅರ್ಧವನ್ನು ಮತ್ತೆ ಎರಡು ಪಾಲು ಮಾಡಿ. ಒಂದು ಪಾಲು ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿಗೆ. ಇನ್ನೊಂದು ಪಾಲು ಅನ್ನ ಅಥವಾ ಮುದ್ದೆಗೆ. ಈಗ ನಮ್ಮ ತಟ್ಟೆಯಲ್ಲಿ ಮುಕ್ಕಾಲು ಭಾಗ ಅನ್ನ, ಅಂಚಿನಲ್ಲಿ ಒಂದು ಚಮಚ ಪಲ್ಯ ಇರುತ್ತದೆ. ಅದನ್ನು ತಿರುವು ಮುರುವು ಮಾಡಬೇಕು. ಕೂಲಿ ಕೆಲಸ, ಗದ್ದೆ ಕೆಲಸ ಮಾಡುವವರಿಗೆ ಅನ್ನ–ಮುದ್ದೆ ಸ್ವಲ್ಪ ಹೆಚ್ಚು ಬೇಕಾಗಬಹುದು. ಮಾತ್ರೆ, ಸೂಜಿ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಇಳಿಸುವ ಮೊದಲು ಡಾಕ್ಟರಿಗೆ ಹೇಳಬೇಕು. ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದುಹೋಗಬಹುದು.

ರಾಗಿ ಬಗ್ಗೆ ಒಂದು ತಪ್ಪು ತಿಳುವಳಿಕೆ. "ಶುಗರ್ ಇದ್ರೆ ಅನ್ನ ಬಿಡಿ, ಮುದ್ದೆ ಎಷ್ಟು ಬೇಕಾದ್ರೂ ತಿನ್ನಿ" ಅಂತಾರೆ. ಲೆಕ್ಕ ನೋಡೋಣ. 100 ಗ್ರಾಂ ಅಕ್ಕಿಯಲ್ಲಿ ಸಕ್ಕರೆಯಾಗಿ ಮಾರ್ಪಡುವ ಪಿಷ್ಟದ ಅಂಶ ಸುಮಾರು 78 ಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ. ವ್ಯತ್ಯಾಸ ಇದೆ, ಆದರೆ ಬಹಳ ಇಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ. ಅಕ್ಕಿಯಲ್ಲಿ ಸುಮಾರು 3 ಗ್ರಾಂ, ರಾಗಿಯಲ್ಲಿ ಸುಮಾರು 11 ಗ್ರಾಂ. ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಆದ್ದರಿಂದ ರಾಗಿ ಒಳ್ಳೆಯದು, ಆದರೆ ಮುಷ್ಟಿ ಗಾತ್ರದ ಒಂದು ಮುದ್ದೆ ಸಾಕು. ಮುದ್ದೆ ತಿಂದು ಮೇಲೆ ಅಷ್ಟೇ ಅನ್ನವನ್ನೂ ಹಾಕಿಕೊಂಡರೆ ಲಾಭವಿಲ್ಲ. ನುಣ್ಣಗೆ ಮಾಡಿದ ರಾಗಿ ಗಂಜಿ, ಮಾಲ್ಟ್ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಜೋಳದ ರೊಟ್ಟಿಗೂ, ಕರಾವಳಿಯ ಕುಚಲಕ್ಕಿ ಗಂಜಿಗೂ ಇದೇ ಮಾತು. ಯಾವ ಧಾನ್ಯ ಅನ್ನೋದರ ಜೊತೆಗೆ ಎಷ್ಟು ಅನ್ನೋದೂ ಮುಖ್ಯ.

ಸಾರು ನಮ್ಮ ಭಾಗ್ಯ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಅವರೆಕಾಳು, ಹೆಸರುಕಾಳು, ಅಲಸಂದೆ ಇವೆಲ್ಲ ಅಜ್ಜಿಯರ ಕಾಲದಿಂದ ಬಂದ ಅಡುಗೆ. ದಂಟು, ಕೀರೆ, ನುಗ್ಗೆ, ಹೊನಗೊನೆ ಸೊಪ್ಪು ಬೇಲಿಯಲ್ಲಿ, ಹೊಲದ ಬದುವಿನಲ್ಲಿ ಸಿಗುತ್ತದೆ. ತಿಳಿಸಾರು ಮಾಡಿ ಅನ್ನಕ್ಕೆ ಸುರಿದುಕೊಳ್ಳುವ ಬದಲು ಗಟ್ಟಿ ಸಾರು ಮಾಡಿ, ಕಾಳು ಸೊಪ್ಪನ್ನೇ ಹೆಚ್ಚಾಗಿ ಹಾಕಿಕೊಳ್ಳಿ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಅನ್ನ ತಿಂದರೆ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ.

ಆಲೂಗೆಡ್ಡೆ, ಗೆಣಸು, ಮರಗೆಣಸು ತರಕಾರಿ ಲೆಕ್ಕಕ್ಕೆ ಬರುವುದಿಲ್ಲ. ಅವು ಅನ್ನದ ಲೆಕ್ಕ. ಅನ್ನಕ್ಕೆ ಆಲೂಗೆಡ್ಡೆ ಪಲ್ಯ ಅಂದರೆ ಅನ್ನಕ್ಕೆ ಅನ್ನವನ್ನೇ ನೆಂಚಿಕೊಂಡ ಹಾಗೆ.

ಟೀ ಲೆಕ್ಕ. ದಿನಕ್ಕೆ ಮೂರು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ. ದಿನಕ್ಕೆ ಆರು ಚಮಚ, ಅಂದರೆ ಸುಮಾರು 30 ಗ್ರಾಂ. ತಿಂಗಳಿಗೆ 900 ಗ್ರಾಂ! ಒಬ್ಬರೇ ತಿಂಗಳಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಸಕ್ಕರೆ ಕುಡಿದಂತಾಯಿತು. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ. ಒಂದು ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ.

"ಸಕ್ಕರೆ ಬೇಡ, ಬೆಲ್ಲ ಹಾಕ್ತೀನಿ" ಅನ್ನುವವರೂ ಇದ್ದಾರೆ. ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲವೂ ರಕ್ತಕ್ಕೆ ಹೋದ ಮೇಲೆ ಸಕ್ಕರೆಯೇ. ಅಂಗಡಿಯ ತಂಪು ಪಾನೀಯದ ಒಂದು ಸಣ್ಣ ಬಾಟಲಿಯಲ್ಲೂ ಐದು ಚಮಚದಷ್ಟು ಸಕ್ಕರೆ ಇರುತ್ತದೆ. ನೀರುಮಜ್ಜಿಗೆ ಕುಡಿಯಿರಿ.

ಹಣ್ಣು ಪೂರ್ತಿ ಬಿಡಬೇಕಾಗಿಲ್ಲ. ಒಂದು ಸೀಬೆ, ಒಂದು ಬಟ್ಟಲು ಪಪ್ಪಾಯಿ, ಒಂದು ಹಿಡಿ ನೇರಳೆ ಹಣ್ಣು ತಿನ್ನಬಹುದು. ಮಾವು, ಹಲಸು, ಸಪೋಟ, ಬಾಳೆ ಒಂದು ಸಣ್ಣ ತುಂಡು ಅಥವಾ ಒಂದು ಸಣ್ಣ ಹಣ್ಣು, ಅದೂ ಊಟದ ಮೇಲಲ್ಲ. ಜ್ಯೂಸ್ ಬೇಡ, ಹಣ್ಣನ್ನೇ ಅಗಿದು ತಿನ್ನಿ. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಮೀರದಿರಲಿ.

ಇನ್ನೊಂದು ಮಾತು ಹೆಂಗಸರಿಗೆ. ಎಲ್ಲರಿಗೂ ಬಡಿಸಿ ಕೊನೆಗೆ ನಾವು ಕೂರುತ್ತೇವೆ. ಅಷ್ಟು ಹೊತ್ತಿಗೆ ಪಲ್ಯ, ಕಾಳು ಖಾಲಿ. ಪಾತ್ರೆಯಲ್ಲಿ ಉಳಿಯೋದು ಅನ್ನ ಮಾತ್ರ. "ಚೆಲ್ಲೋದು ಯಾಕೆ" ಅಂತ ಅದನ್ನೂ ಬಳಿದು ಹಾಕಿಕೊಳ್ಳುತ್ತೇವೆ. ರೇಷನ್ ಅಕ್ಕಿ ಇದೆ, ಕಾಳು ಕೊಳ್ಳಬೇಕು ಅನ್ನೋ ಕಷ್ಟವೂ ಇದೆ. ಆದರೂ ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯ, ಕಾಳನ್ನು ಒಂದು ಬಟ್ಟಲಲ್ಲಿ ತೆಗೆದಿಡಿ. ಅದು ಸ್ವಾರ್ಥ ಅಲ್ಲ, ಮದ್ದು. ನಿಮಗಾಗಿ ಬೇರೆ ಅಡುಗೆ ಮಾಡಬೇಕಾಗಿಯೂ ಇಲ್ಲ. ಈ ಊಟ ಗಂಡನಿಗೂ, ಮಕ್ಕಳಿಗೂ ಒಳ್ಳೆಯದೇ.

ಒಂದು ದಿನದ ಮಾದರಿ ಊಟ:
* ಬೆಳಿಗ್ಗೆ – ತರಕಾರಿ ಹೆಚ್ಚು ಹಾಕಿದ ಒಂದು ಬಟ್ಟಲು ಉಪ್ಪಿಟ್ಟು, ಜೊತೆಗೆ ಮೊಳಕೆ ಹೆಸರುಕಾಳು ಅಥವಾ ಒಂದು ಮೊಟ್ಟೆ
* ಮಧ್ಯಾಹ್ನ – ಒಂದು ಸಣ್ಣ ಮುದ್ದೆ, ಗಟ್ಟಿ ಸೊಪ್ಪಿನ ಸಾರು, ಬೀನ್ಸ್ ಅಥವಾ ಕೋಸಿನ ಪಲ್ಯ, ಮಜ್ಜಿಗೆ
* ಸಂಜೆ – ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ, ಸಕ್ಕರೆ ಇಲ್ಲದ ಟೀ
* ರಾತ್ರಿ – ಎರಡು ಚಪಾತಿ ಅಥವಾ ಒಂದು ಬಟ್ಟಲು ಅನ್ನ, ಕಾಳಿನ ಸಾರು, ಹೀರೆ ಅಥವಾ ಬದನೆ ಪಲ್ಯ. ಎಂಟು ಗಂಟೆಯೊಳಗೆ ಮುಗಿಸಿದರೆ ಉತ್ತಮ.

6. ನಡಿಗೆ

ಮೈಯ ಸ್ನಾಯುಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ತಾವೇ ಎಳೆದುಕೊಂಡು ಸುಡುತ್ತವೆ. ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆಯಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ಒಂದೇ ಸಲ ಆಗದಿದ್ದರೆ ಊಟವಾದ ಮೇಲೆ ಹತ್ತು ಹದಿನೈದು ನಿಮಿಷದಂತೆ ನಡೆಯಿರಿ. ಊಟದ ನಂತರ ಏರುವ ಸಕ್ಕರೆಗೆ ಇದು ಬಹಳ ಒಳ್ಳೆಯದು.

"ಮನೆ ಕೆಲಸ ಮಾಡ್ತೀವಲ್ಲ, ಸಾಲದಾ?" ಅಂತ ಕೇಳಬಹುದು. ಕಳೆ ಕೀಳುವುದು, ನೀರು ಹೊರುವುದು, ಬಟ್ಟೆ ಒಗೆಯುವುದು ನಿಜವಾದ ಕೆಲಸವೇ. ಆದರೆ ಮಿಕ್ಸಿ, ನಲ್ಲಿ ನೀರು ಬಂದ ಮೇಲೆ ನಮ್ಮ ಎಷ್ಟೋ ಕೆಲಸ ಕೂತು ಮಾಡುವಂಥದ್ದಾಗಿದೆ. ಬೀಡಿ ಕಟ್ಟುವವರು, ಹೊಲಿಗೆ ಹಾಕುವವರು ದಿನವಿಡೀ ಕೂತೇ ಇರುತ್ತಾರೆ. ಅಂಥವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಬೇಕು.

7. ಎಲೆ, ಪುಡಿ, ಕಷಾಯ

ಹಾಗಲಕಾಯಿ, ಮೆಂತ್ಯ ತಿನ್ನುವುದರಲ್ಲಿ ತಪ್ಪಿಲ್ಲ. ಮೆಂತ್ಯದ ನಾರು ಸಕ್ಕರೆ ಏರುವುದನ್ನು ಸ್ವಲ್ಪ ನಿಧಾನಿಸುತ್ತದೆ. ಆದರೆ ಅದು ಊಟದ ಭಾಗ, ಮಾತ್ರೆಯ ಬದಲಿ ಅಲ್ಲ. ಮನೆ ಮುಂದೆ ಬೆಳೆಸುವ "ಇನ್ಸುಲಿನ್ ಗಿಡ"ದ ಹೆಸರಲ್ಲಿ ಇನ್ಸುಲಿನ್ ಇದೆ, ಎಲೆಯಲ್ಲಿ ಇಲ್ಲ. ಇದ್ದಿದ್ದರೂ ಪ್ರಯೋಜನ ಇರುತ್ತಿರಲಿಲ್ಲ. ಇನ್ಸುಲಿನ್ ಬಾಯಿಂದ ನುಂಗಿದರೆ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಅದಕ್ಕೇ ಅದನ್ನು ಚುಚ್ಚಿ ಕೊಡುವುದು.

"ಮೂರು ತಿಂಗಳಲ್ಲಿ ಬೇರುಸಹಿತ ಗುಣ" ಅಂತ ಹೇಳಿ ಪುಡಿ ಮಾರುವವರನ್ನು ನಂಬಬೇಡಿ. ಲೇಬಲ್ ಇಲ್ಲದ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ಎಷ್ಟು ಬೆರೆಸಿದ್ದಾರೆ ಅಂತ ತಿಂದವರಿಗೆ ಗೊತ್ತಿರುವುದಿಲ್ಲ. ಮಾತ್ರೆ ದುಬಾರಿ ಅನ್ನುವ ಕಾರಣಕ್ಕೆ ಪುಡಿಗೆ ಹೋಗಬೇಕಾಗಿಲ್ಲ. ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜನೌಷಧಿ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ.

8. ಸಕ್ಕರೆ ತೀರಾ ಇಳಿದರೆ

ಇನ್ಸುಲಿನ್ ಮತ್ತು ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ತಲೆ ತಿರುಗುವುದು, ಮಾತು ತೊದಲುವುದು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ 108ಕ್ಕೆ ಫೋನ್ ಮಾಡಿ.

ಏಕಾದಶಿ, ರಂಜಾನ್, ತಪಸ್ಸುಕಾಲ ಯಾವುದೇ ಇರಲಿ, ಉಪವಾಸ ಮಾಡುವ ಮೊದಲು ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತು, ಅಳತೆ ಬದಲಿಸಿಕೊಳ್ಳಬೇಕು.

9. ತಪ್ಪದೆ ಮಾಡಬೇಕಾದದ್ದು

* ದಿನಾ ರಾತ್ರಿ ಪಾದ, ಬೆರಳ ಸಂದು ನೋಡಿಕೊಳ್ಳಿ. ಜೋಮು ಇರುವ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗದ್ದೆಗೂ ಅಂಗಳಕ್ಕೂ ಬರಿಗಾಲಲ್ಲಿ ಹೋಗಬೇಡಿ.
* ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ.
* ಬಿ.ಪಿ. ನೋಡಿಸಿಕೊಳ್ಳಿ.
* ಹೊಗೆಸೊಪ್ಪು, ಕಡ್ಡಿಪುಡಿ ಬಿಡಿ.
* ಮಾತ್ರೆ ನಿಂತಿದ್ದರೂ ಡಾಕ್ಟರು ಹೇಳಿದ ದಿನಕ್ಕೆ ಪರೀಕ್ಷೆ ತಪ್ಪಿಸಬೇಡಿ.

10. ಸಂಘ ಏನು ಮಾಡಬಹುದು?

ಒಬ್ಬರೇ ಪಥ್ಯ ಮಾಡುವುದು ಕಷ್ಟ, ಹತ್ತು ಜನ ಸೇರಿದರೆ ಸುಲಭ. ಇದು ಉಳಿತಾಯದಲ್ಲಿ ನಾವೇ ಕಂಡುಕೊಂಡ ಸತ್ಯ.

* 30 ದಾಟಿದ ಎಲ್ಲ ಸದಸ್ಯೆಯರೂ ಒಂದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿ.
* ಉಳಿತಾಯ ಪುಸ್ತಕದ ಹಾಗೆ ಪ್ರತಿಯೊಬ್ಬರೂ ಒಂದು ಆರೋಗ್ಯ ಪುಸ್ತಕ ಇಡಿ. ತೂಕ, ಸೊಂಟದ ಅಳತೆ, ಸಕ್ಕರೆ, ಬಿ.ಪಿ. ಬರೆದಿಡಿ. ಇದು ಅವರವರದೇ ಗುಟ್ಟು, ಸಭೆಯಲ್ಲಿ ಓದಬೇಕಾಗಿಲ್ಲ.
* ಸಂಜೆ ಜೊತೆಯಾಗಿ ನಡೆಯಿರಿ. ಒಬ್ಬರೇ ಹೋದರೆ ಊರವರು ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಗುಂಪಿನಲ್ಲಿ ಇರುವುದಿಲ್ಲ.
* ಸಭೆಯ ಟೀ–ಬಿಸ್ಕತ್ತಿನ ಬದಲು ಮಜ್ಜಿಗೆ, ಬೇಯಿಸಿದ ಕಡಲೆಕಾಯಿ ಇಡಿ.
* ಹುರುಳಿ, ಹೆಸರುಕಾಳನ್ನು ಸುಗ್ಗಿಯಲ್ಲಿ ಒಟ್ಟಿಗೆ ಸಗಟು ಕೊಂಡು ಹಂಚಿಕೊಳ್ಳಿ. ಹಿತ್ತಲಲ್ಲಿ ಸೊಪ್ಪಿನ ಮಡಿ ಮಾಡಿ, ಬೀಜ ವಿನಿಮಯ ಮಾಡಿಕೊಳ್ಳಿ.
* ಯಾರಾದರೂ ಮಾತ್ರೆ ಬಿಟ್ಟಿದ್ದಾರೆ ಅಂತ ಗೊತ್ತಾದರೆ ಬೈಯಬೇಡಿ. ದುಡ್ಡಿಲ್ಲದೆಯೋ, ಹೆದರಿಯೋ, ಯಾರ ಮಾತು ಕೇಳಿಯೋ ಅಂತ ವಿಚಾರಿಸಿ ಜೊತೆಗೆ ಆಸ್ಪತ್ರೆಗೆ ಹೋಗಿ.

ಚರ್ಚೆಗೆ ಪ್ರಶ್ನೆಗಳು

1. ನಿನ್ನೆ ರಾತ್ರಿ ನಿಮ್ಮ ತಟ್ಟೆಯಲ್ಲಿ ಅನ್ನ ಎಷ್ಟಿತ್ತು, ಪಲ್ಯ–ಕಾಳು ಎಷ್ಟಿತ್ತು?
2. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಕೆ.ಜಿ. ಸಕ್ಕರೆ, ಎಷ್ಟು ಲೀಟರ್ ಎಣ್ಣೆ ಬೇಕು? ತಲೆಗೆ ಎಷ್ಟಾಯಿತು?
3. ಅಕ್ಕನಿಗೆ ಸೂಜಿ ಬೇಕು, ತಂಗಿಗೆ ಮಾತ್ರೆಯೂ ಬೇಡವಾಯಿತು. ಕಾರಣ ಏನು?
4. ಮುಂದಿನ ಸಭೆಯೊಳಗೆ ನಮ್ಮ ಸಂಘ ಮಾಡಬಹುದಾದ ಒಂದು ಕೆಲಸ ಯಾವುದು? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ನೆನಪಿಡಿ: ಊಟ, ನಡಿಗೆ ಎಲ್ಲರಿಗೂ ಬೇಕು. ಕೆಲವರಿಗೆ ಅದೇ ಸಾಕಾಗುತ್ತದೆ. ಯಾರಿಗೆ ಸಾಕು ಅನ್ನುವುದನ್ನು ಪರೀಕ್ಷೆ ಹೇಳುತ್ತದೆ. ಮಾತ್ರೆ ಬಿಡಬೇಕು ಅನ್ನುವ ಆಸೆ ಇದ್ದರೆ ಇವತ್ತಿಂದಲೇ ತಟ್ಟೆ ಬದಲಿಸಿ, ಮಾತ್ರೆ ಮುಂದುವರಿಸಿ, ಮೂರು ತಿಂಗಳ ಲೆಕ್ಕ ಹಿಡಿದುಕೊಂಡು ಡಾಕ್ಟರ ಮುಂದೆ ಹೋಗಿ ಕೇಳಿ.